ಲಿಂಕ್ಸ್ ನೋಡಲು ಹೋದವಳಿಗೆ ಮೊಲದ ಪಾಠ

ಗ್ರನಾಡದ ಅಲ್ಹಾಂಬ್ರಾ ಅರಮನೆಯ ಬಗ್ಗೆ ಎಲ್ಲರೂ ಬರೆದಾಗಿದೆ, ನಾನು ಬರೆಯುವುದಿಲ್ಲ. ಕೊರ್ದೋಬಾ ಮಸೀದಿಯ ಕಂಬಗಳು ಚೆಂದವೇ, ಆದರೆ ಸೆಲ್ಫಿ ಕೋಲುಗಳ ಸಂದಿಯಲ್ಲಿ ಇಣುಕಿ ನೋಡಬೇಕು. ಸ್ಪೇನ್ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಂದೂಹಾರ್ ಊರಿನ ಮೇಲಿರುವ ಸಿಯೆರಾ ಮೊರೇನಾ ಬೆಟ್ಟಗಳಲ್ಲಿ.

ಅಲ್ಲಿಗೆ ಜನ ಬರುವುದು ಐಬೀರಿಯನ್ ಲಿಂಕ್ಸ್ ನೋಡಲು. 2002ರ ಸುಮಾರಿಗೆ ನೂರಕ್ಕೂ ಕಡಿಮೆ ಉಳಿದಿದ್ದ ಕಾಡುಬೆಕ್ಕು ಈಗ ಎರಡು ಸಾವಿರ ದಾಟಿದೆ. ನಮಗೂ ಕಂಡಿತು, ದೂರದಲ್ಲಿ, ಬೆನ್ನು ಹಾಕಿಕೊಂಡು. ಅಲ್ಲಿನ ಮಣ್ಣುರಸ್ತೆಗೆ ಬಾಡಿಗೆ ಕಾರು ಒಯ್ಯುವವರಿಗೆ ಒಂದು ಮಾತು: ಕೀಲಿ ಕೈಗೆ ಬಂದ ತಕ್ಷಣ ಕಾರನ್ನು ಸುತ್ತಲೂ, ಬಗ್ಗಿ ಅಡಿಭಾಗವನ್ನೂ ವಿಡಿಯೊ ಮಾಡಿಕೊಳ್ಳಿ. ಯಾರೋ ಹಿಂದೆ ಮಾಡಿದ್ದ ಗೀರಿಗೆ ನನ್ನ ಠೇವಣಿಯಿಂದ ಮುರಿದುಕೊಂಡ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಗೈಡ್ ಮೊದಲು ಬೇಟೆ ಎಸ್ಟೇಟೊಂದರಲ್ಲಿ ಕಾವಲುಗಾರರಾಗಿದ್ದವರು. ಅವರ ಇಂಗ್ಲಿಷು, ನನ್ನ ಸ್ಪ್ಯಾನಿಷು ಒಂದೇ ದರ್ಜೆಯವು. ಓಕ್ ಮರದಡಿಯ ಕಲ್ಲುಗುಡ್ಡೆಯೊಂದರ ಬಳಿ ನಿಂತು, "ನೀವೆಲ್ಲ ಬೆಕ್ಕಿನ ಫೋಟೊ ತೆಗೀತೀರಿ. ಬೆಕ್ಕನ್ನು ಸಾಕ್ತಿರೋದು ಇದು" ಎಂದರು. ಕಲ್ಲು, ಮರದ ಹಲಗೆ, ಮಣ್ಣು, ಮೇಲೆ ಸೊಪ್ಪುಸದೆ. ಮನುಷ್ಯರು ಕಟ್ಟಿಕೊಟ್ಟ ಮೊಲದ ಬಿಲ!

ನನಗೆ ನಗು ಬಂತು. ನಮ್ಮ ಬಯಲುಸೀಮೆಯ ಮೊಲ ಬಿಲದ ಗೊಡವೆಗೇ ಹೋಗುವುದಿಲ್ಲ, ಅದರ ಮರಿಗಳು ಕಣ್ಣುಬಿಟ್ಟೇ ಹುಟ್ಟುತ್ತವೆ. ಇಲ್ಲಿಯದು ಬೇರೆಯೇ ಪ್ರಾಣಿ. ಮರಿ ಹುಟ್ಟುವಾಗ ಕುರುಡು, ಮೈಮೇಲೆ ಕೂದಲಿಲ್ಲ, ಬಿಲವಿಲ್ಲದೆ ಬದುಕಿಲ್ಲ. ಲಿಂಕ್ಸ್‌ಗೆ ದಿನಕ್ಕೊಂದು ಮೊಲ ಬೇಕು, ಮರಿಗಳಿದ್ದರೆ ಇನ್ನೂ ಹೆಚ್ಚು.

ಮೊಲಕ್ಕೇನು ಬರ ಎಂದುಕೊಂಡಿದ್ದೆ. 1952ರಲ್ಲಿ ಫ್ರಾನ್ಸಿನ ವೈದ್ಯನೊಬ್ಬ ತನ್ನ ಎಸ್ಟೇಟಿನ ಮೊಲಗಳ ಕಾಟ ತಪ್ಪಿಸಲು, ಅವನ್ನು ಕೊಲ್ಲುವ ಮಿಕ್ಸೊಮಟೋಸಿಸ್ ರೋಗದ ವೈರಸ್ ಬಿಟ್ಟ. ಮರುವರ್ಷವೇ ಅದು ಸ್ಪೇನ್ ತಲುಪಿತು. 1980ರ ದಶಕದ ಕೊನೆಗೆ ರಕ್ತಸ್ರಾವದ ಇನ್ನೊಂದು ರೋಗ, 2011ರಲ್ಲಿ ಅದರದೇ ಹೊಸ ರೂಪ. ಆಸ್ಟ್ರೇಲಿಯಾದಲ್ಲಿ ಪೀಡೆ ಎನಿಸಿಕೊಂಡಿರುವ ಈ ಮೊಲ ತನ್ನ ತವರಿನಲ್ಲಿ 2019ರಿಂದ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್‌ನ ಅಳಿವಿನಂಚಿನ ಪಟ್ಟಿಯಲ್ಲಿದೆ.

ಹೊರಗಿನಿಂದ ತಂದು ಬಿಡಬಹುದಲ್ಲ ಎಂದೆ. ಅಲ್ಲಿಂದಾಚೆ ಮಾತೆಲ್ಲ ಅದರದೇ. ಗೈಡ್ ಕಡ್ಡಿಯಿಂದ ಧೂಳಿನಲ್ಲಿ ಐಬೀರಿಯಾದ, ಅಂದರೆ ಸ್ಪೇನ್, ಪೋರ್ಚುಗಲ್ ಇರುವ ಪರ್ಯಾಯದ್ವೀಪದ, ನಕ್ಷೆ ಬರೆದು, ವಾಯವ್ಯದಿಂದ ಆಗ್ನೇಯಕ್ಕೆ ಓರೆಗೆರೆ ಎಳೆದರು. ಗೆರೆಯ ಈಚೆ, ನೈಋತ್ಯಕ್ಕೆ, ಆಲ್ಗಿರುಸ್ ಎಂಬ ಉಪಜಾತಿ: ಸಣ್ಣ ಮೈ, ಒಂದು ಕೆಜಿ ಆಸುಪಾಸು. ಆಚೆ ಕುನಿಕುಲುಸ್. ಎರಡೂ ಬೇರ್ಪಟ್ಟು ಇಪ್ಪತ್ತು ಲಕ್ಷ ವರ್ಷದ ಹತ್ತಿರ. ಗೆರೆಯ ಮೇಲೆ ಕೂಡುತ್ತವೆ, ಆದರೂ ಬೆರೆತು ಒಂದಾಗಿಲ್ಲ.

"ಜಗತ್ತಿನ ಸಾಕುಮೊಲಗಳೆಲ್ಲ ಆ ಕಡೆಯವು" ಎಂದರು. ಅದರಲ್ಲೂ ಆ ಕುಲದ ಒಂದು ತುಣುಕು, ದಕ್ಷಿಣ ಫ್ರಾನ್ಸಿನದು. ನಮ್ಮೂರ ಫಾರಂಗಳ ಕೆಂಗಣ್ಣಿನ ನ್ಯೂಜಿಲೆಂಡ್ ವೈಟ್‌ನಿಂದ ಹಿಡಿದು ಅಂಗೋರಾವರೆಗೆ, ಬಣ್ಣ, ಕಿವಿ, ಗಾತ್ರ ಎಷ್ಟೇ ಬೇರೆಯಾಗಿರಲಿ, ಎಲ್ಲದರ ಬೇರು ಅಲ್ಲೇ. ಇಷ್ಟು ತಳಿಗಳನ್ನು ಒಟ್ಟಿಗಿಟ್ಟರೂ ಐಬೀರಿಯಾದ ಕಾಡುಮೊಲಗಳ ಆನುವಂಶಿಕ ವೈವಿಧ್ಯಕ್ಕೆ ಸಾಟಿಯಾಗುವುದಿಲ್ಲ. ಆಲ್ಗಿರುಸ್‌ನಿಂದ ಅಂತೂ ಯಾವ ಸಾಕುತಳಿಯೂ ಬಂದಿಲ್ಲ. ಇಲ್ಲಿ ಹೋದರೆ ಮತ್ತೆ ತರಲು ಸಾಕುಮೊಲದ ಫಾರಂ ಬಾಗಿಲು ತಟ್ಟುವಂತಿಲ್ಲ.

ಬೇಟೆಗೆ ಮೊಲ ಸಾಲದಾದಾಗ ಅವರ ಹಳೆಯ ಎಸ್ಟೇಟಿಗೆ ಎಲ್ಲಿಂದಲೋ ಲಾರಿ ಬರುತ್ತಿತ್ತಂತೆ. ದಪ್ಪ ಮೊಲಗಳು, ಫಾರಂ ರಕ್ತ ಬೆರೆತವೂ ಇದ್ದವು. "ವಾರದೊಳಗೆ ಅರ್ಧ ನರಿಗಳಿಗೆ. ಉಳಿದವು ನಮ್ಮವನ್ನು ಕೆಡಿಸೋಕೆ" ಎಂದು ಉಗುಳಿದರು. ಅತ್ತ ಲಾ ಮಾಂಚಾ ಬಯಲಿನಲ್ಲಿ ಹೆದ್ದಾರಿ, ರೈಲು ಹಳಿಯ ದಿಬ್ಬಗಳಲ್ಲಿ ಮೊಲ ಉಕ್ಕಿ, ದ್ರಾಕ್ಷಿ ಬಳ್ಳಿ ಬೋಳಿಸುತ್ತಿವೆ ಎಂದು ರೈತರ ಗೋಳು. ಅವನ್ನೇ ಹಿಡಿದು ತರಬಾರದೇ? "ತರ್ತಾರೆ. ಲಸಿಕೆ ಹಾಕಿ ತರ್ತಾರೆ. ಆದರೆ ಗೆರೆಯ ಯಾವ ಕಡೆಯದು ಅಂತ ಮೊದಲು ನೋಡಬೇಕಲ್ಲ?" ಎಂದು ನನ್ನನ್ನೇ ಕೇಳಿದರು, ಆ ಲಾರಿ ನಾನೇ ಕಳಿಸಿದ್ದೆನೋ ಎಂಬಂತೆ.

ಮಧ್ಯಾಹ್ನದ ಊಟಕ್ಕೆ ಹೋಟೆಲಿನವರು ಮೊಲದ ಅನ್ನವನ್ನು ಹೊಗಳಿದರು. ಗೈಡ್ ಕೇಳಿದ್ದು ಒಂದೇ: ಕಾಡಿನದೋ ಫಾರಂನದೋ? ಫಾರಂನದು ಎಂದಾಗ ಜಿಂಕೆ ಮಾಂಸ ತರಿಸಿಕೊಂಡರು. ನನ್ನ ಪಾಲಿಗೆ ಬಂದದ್ದು ಸಾಲ್ಮೊರೇಹೊ, ತಣ್ಣನೆಯ ಟೊಮೇಟೊ ಗಂಜಿ, ಅಮೃತ. ಸಸ್ಯಾಹಾರಿಗಳು ಮೇಲೆ ಹಂದಿಮಾಂಸ ಉದುರಿಸಬೇಡಿ ಎಂದು ಮೊದಲೇ ಹೇಳಬೇಕು.