ನೀರ್ ಸಾಬ್: ಕೈಪಂಪಿನಿಂದ ಮಂಡಲ ಪಂಚಾಯಿತಿಯವರೆಗೆ

ಅಬ್ದುಲ್ ನಜೀರ್ ಸಾಬ್ ಅಂದರೆ ಈಗಿನ ಹುಡುಗರಿಗೆ ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಯ ಬೋರ್ಡಿನ ಮೇಲಿನ ಹೆಸರು, ಅಷ್ಟೆ. ಐವತ್ತು ದಾಟಿದ ಹಳ್ಳಿಯವರನ್ನು ಕೇಳಿ, ನೀರ್ ಸಾಬ್ ಅನ್ನುತ್ತಾರೆ. ಗುಂಡ್ಲುಪೇಟೆಯವರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸಂಪುಟ ಸೇರಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ನೋಡಿಕೊಂಡರು, 1988ರ ಅಕ್ಟೋಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಸಿಕ್ಕಿದ್ದು ಐದು ಚಿಲ್ಲರೆ ವರ್ಷ. ಮುಸ್ಲಿಂ ಮಂತ್ರಿ ಅಂದರೆ ವಕ್ಫ್, ಹಜ್ ಎಂದು ಲೆಕ್ಕ ಹಾಕುವ ನಾಡಿನಲ್ಲಿ ಇವರನ್ನು ಜನ ನೆನೆಯುವುದು ಊರ ಮುಂದಿನ ಬೋರಿಂಗಿನಿಂದ.

ಆದರೆ ಬೋರ್‌ವೆಲ್ ಕೊರೆಸಿದರು ಎಂದು ಹೊಗಳಿ ಕೈತೊಳೆದುಕೊಂಡರೆ ಅವರ ಕೆಲಸದ ಅರ್ಧ ಮಾತ್ರ ಹೇಳಿದಂತೆ. ಬೋರು ಕೊರೆಯುವುದು ಒಂದು ದಿನದ ಕೆಲಸ. ಹಾಕಿದ ಪಂಪು ಓಡುತ್ತಿರಬೇಕಲ್ಲ, ಅದು ಯಾರ ಪಾಲು?

ಆ ಕಾಲದ ಲೆಕ್ಕ ನೋಡಿ. 250 ಜನಕ್ಕೆ ಒಂದು ಪಂಪು, ತಲೆಗೆ ದಿನಕ್ಕೆ 40 ಲೀಟರ್ ಎಂಬುದು ಸರ್ಕಾರದ ಅಳತೆ. ಅಂದರೆ ದಿನಕ್ಕೆ 10,000 ಲೀಟರ್. ಹಳ್ಳಿಗಳಿಗೆ ಬಂದದ್ದು ಇಂಡಿಯಾ ಮಾರ್ಕ್ 2 ಎಂಬ ಕೈಪಂಪು. ನಿಮಿಷಕ್ಕೆ ನಲವತ್ತು ಸಲ ಹಿಡಿಕೆ ಒತ್ತಿದರೆ ಸುಮಾರು 12 ಲೀಟರ್ ಬರುತ್ತದೆ, ಗಂಟೆಗೆ 720. ಭಾಗಿಸಿ ನೋಡಿದರೆ ಹಿಡಿಕೆ ದಿನಕ್ಕೆ ಹದಿನಾಲ್ಕು ಗಂಟೆ ಆಡುತ್ತಲೇ ಇರಬೇಕು. ಕೋಳಿ ಕೂಗುವ ಹೊತ್ತಿಗೇ ಕೊಡದ ಸಾಲು ನಿಲ್ಲುತ್ತಿದ್ದದ್ದು ಇದಕ್ಕೇ. ಹೀಗೆ ದುಡಿಯುವ ಯಂತ್ರ ಸವೆಯದೆ ಇರುತ್ತದೆಯೇ?

ಸವೆಯುವುದು ಮೊದಲು ಕಪ್ ವಾಷರು. ನೆಲದೊಳಗೆ, ನೀರಿನಲ್ಲಿ ಮುಳುಗಿದ ಸಿಲಿಂಡರಿನ ಒಳ ಅಗಲ 63.5 ಮಿಲಿಮೀಟರ್, ಒಳಮೈಗೆ ಹಿತ್ತಾಳೆ ಪದರ. ಅದರೊಳಗೆ ಮೇಲೆ ಕೆಳಗೆ ಆಡಿ ನೀರೆತ್ತುವ ಪ್ಲಂಜರಿಗೆ, ಸಂದಿನಲ್ಲಿ ನೀರು ಸೋರದಂತೆ, ಈ ವಾಷರು ಹಾಕಿರುತ್ತಾರೆ. ಮೊದಲು ಚರ್ಮದ್ದು, ಆಮೇಲೆ ನೈಟ್ರೈಲ್ ರಬ್ಬರಿನದು. ಅದು ಸವೆದರೆ ಎಷ್ಟು ಒತ್ತಿದರೂ ನೀರಿನ ಧಾರೆ ಸಣ್ಣ. ಧಾರೆ ಸರಿಯಾಗಿದ್ದು, ಬೆಳಿಗ್ಗೆ ಮಾತ್ರ ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ನೀರು ಬಂದರೆ ಕೆಳಗಿನ ವಾಲ್ವ್ ಅಥವಾ ಪೈಪಿನ ಜಾಯಿಂಟು ಸೋರುತ್ತಿದೆ ಎಂದು ಅರ್ಥ. ಪರೀಕ್ಷೆ ಸುಲಭ: ನೀರು ಬರುವವರೆಗೆ ಒತ್ತಿ, ಅರ್ಧ ಗಂಟೆ ಬಿಟ್ಟು ಮತ್ತೆ ಒತ್ತಿ. ಐದು ಸಲದೊಳಗೆ ನೀರು ಬಂದರೆ ಚಿಂತೆಯಿಲ್ಲ. ಹಿಡಿಕೆ ದಿಢೀರನೆ ಹಗುರಾಗಿ ಒಂದು ಹನಿಯೂ ಬರದಿದ್ದರೆ ಪ್ಲಂಜರನ್ನು ಎಳೆಯುವ ಒಳಗಿನ ರಾಡು ಕಳಚಿದೆ. ಹಿಡಿಕೆಗೆ ಜೋತುಬಿದ್ದು ಉಯ್ಯಾಲೆಯಾಡುವ ಮಕ್ಕಳಿಂದ, ಗಿಡ್ಡ ಗಿಡ್ಡವಾಗಿ ಜಗ್ಗುವವರಿಂದ ತುಂಡಾಗುವುದು ಹಿಡಿಕೆಯನ್ನು ರಾಡಿಗೆ ಜೋಡಿಸುವ ಮೇಲಿನ ಚೈನು.

ಚೈನಾದರೆ ಮೇಲೇ ಇದೆ, ಸ್ಪ್ಯಾನರ್ ಇದ್ದವನು ಬದಲಿಸಿಯಾನು. ವಾಷರು ಬದಲಿಸಬೇಕಾದರೆ ಇಡೀ ಪೈಪನ್ನೇ ಮೇಲೆತ್ತಬೇಕು. ಮೂರು ಮೀಟರಿನ ಒಂದು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಂಬತ್ತು ಕೆಜಿಗೆ ಕಡಿಮೆಯಿಲ್ಲ. ಮೂವತ್ತು ಮೀಟರ್ ಆಳಕ್ಕೆ ಹತ್ತು ಪೈಪು, ಒಳಗೆ ರಾಡು, ಜೊತೆಗೆ ನಿಂತ ನೀರು, ಎಲ್ಲ ಸೇರಿ ಒಂದೂವರೆ ಕ್ವಿಂಟಲ್ ಆಗುತ್ತದೆ. ಕ್ಲ್ಯಾಂಪ್ ಸರಿಯಾಗಿ ಕೂರದೆ ಪೈಪು ಕೈಜಾರಿತೋ, ಬೋರೇ ಹಾಳು. ಅದಕ್ಕೆ ಗಾಡಿ, ಸಾಮಾನು, ಪಳಗಿದ ನಾಲ್ಕು ಆಳು ಬೇಕು. ಕೆಲವೇ ರೂಪಾಯಿಯ ವಾಷರಿಗಾಗಿ ತಾಲ್ಲೂಕು ಕೇಂದ್ರಕ್ಕೆ ಅರ್ಜಿ ಹಾಕಿ ಹೆಣ್ಣುಮಕ್ಕಳು ಮತ್ತೆ ಕಲ್ಯಾಣಿಗೋ ಹೊಲದ ಬಾವಿಗೋ ನಡೆಯುವುದು ಹೀಗೆ.

ನೀರ್ ಸಾಬರ ಎರಡನೆಯ ಕೆಲಸವನ್ನು, ಅಂದರೆ ಅಧಿಕಾರವನ್ನು ಹಳ್ಳಿಯ ಹತ್ತಿರ ತಂದ ಪಂಚಾಯಿತಿ ಕಾಯ್ದೆಯನ್ನು, ನಾನು ಇಲ್ಲಿಂದಲೇ ಓದುತ್ತೇನೆ. 1983ರಲ್ಲಿ ವಿಧಾನಮಂಡಲದಲ್ಲಿ ಪಾಸಾದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಕೆಲವು ಹಳ್ಳಿ ಸೇರಿ ಒಂದು ಮಂಡಲ, ಅದಕ್ಕೊಬ್ಬ ಪ್ರಧಾನ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಶಾಲೆ, ಆಸ್ಪತ್ರೆ, ಕುಡಿಯುವ ನೀರು ಪರಿಷತ್ತಿನ ಕೈಗೆ. ಹೆಂಗಸರಿಗೆ ಶೇ 25 ಸ್ಥಾನ ಮೀಸಲು, ಅದೂ ದೇಶದ ಎಲ್ಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿಗೆ ಮೊದಲೇ. ಪಂಪು ಕೆಟ್ಟರೆ, ಮೇಷ್ಟ್ರು ಶಾಲೆಗೆ ಬಾರದಿದ್ದರೆ ಬೈಯಲು ಊರ ಹತ್ತಿರವೇ ಒಬ್ಬ ಮನುಷ್ಯ ಸಿಕ್ಕಿದ. ಶಾಸಕರಿಗೆ ಇದು ರುಚಿಸಲಿಲ್ಲ, ರುಚಿಸುವಂಥದ್ದೂ ಅಲ್ಲ: ವರ್ಗಾವಣೆ, ಕಾಮಗಾರಿ ಎರಡೂ ಕೈತಪ್ಪುವುದನ್ನು ಯಾವ ಶಾಸಕ ನಗುತ್ತ ನೋಡಿಯಾನು?

ನೀರಿನ ವಿಷಯದಲ್ಲಿ ಎರಡು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ದಲಿತ ಕೇರಿಯಲ್ಲೇ ಪಂಪು ಬಂದದ್ದರಿಂದ ಮೇಲುಜಾತಿಯವರ ಬಾವಿಕಟ್ಟೆಯ ಹೊರಗೆ ಕೊಡ ಹಿಡಿದು ಕಾಯುವ ಹಿಂಸೆ ಅಲ್ಲಿ ತಪ್ಪಿತು. ಆದರೆ ಆ ಬಾವಿಯ ಕಟ್ಟುಪಾಡು ಹಾಗೇ ಉಳಿಯಲೂ ಅದೇ ನೆಪವಾಯಿತು, ‘ನಿಮಗೆ ಬೋರಿಂಗ್ ಇದೆಯಲ್ಲ’ ಎಂದರೆ ಮುಗಿಯಿತು. ಇನ್ನೊಂದು ಅಂತರ್ಜಲದ್ದು. ನಮ್ಮ ಬಯಲುಸೀಮೆಯ ಗಟ್ಟಿಬಂಡೆಯಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಮುಂದೆ ಹೊಲಹೊಲಕ್ಕೂ ಕೊಳವೆಬಾವಿ ಬಂತು, ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟ್ ಬಂತು. ಮಾರ್ಕ್ 2 ಸರಾಗವಾಗಿ ಎತ್ತುವುದು 45 ಮೀಟರಿನವರೆಗೆ. ನೀರು ಅದಕ್ಕಿಂತ ಕೆಳಗಿಳಿದ ಕಡೆ ಪಂಪು ದನ ಕಟ್ಟುವ ಗೂಟವಾಯಿತು. ಕೋಲಾರ, ಪಾವಗಡದ ಕಡೆ ಆಳಕ್ಕೆ ಹೋದವರಿಗೆ ಫ್ಲೋರೈಡ್ ಸಿಕ್ಕಿತು. ಈ ಪಾಪವನ್ನು ನೀರ್ ಸಾಬ್ ತಲೆಗೆ ಕಟ್ಟುವುದು ಸರಿಯಲ್ಲ. ಮನುಷ್ಯನ ಕೈ ಎತ್ತುವ ನೀರಿಗೂ ಹತ್ತು ಎಚ್‌ಪಿ ಮೋಟಾರು ಎಳೆಯುವ ನೀರಿಗೂ ಹೋಲಿಕೆಯೇ ಇಲ್ಲ.

ಮಂಡಲಗಳ ಕತೆ ಬೇಗ ಮುಗಿಯಿತು. 1992ರಲ್ಲಿ ಅವಧಿ ತೀರಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. 1993ರ ಹೊಸ ಕಾಯ್ದೆಯಲ್ಲಿ ಮಂಡಲ ಹೋಗಿ ಗ್ರಾಮ ಪಂಚಾಯಿತಿ ಬಂತು, ಪ್ರಧಾನರು ಅಧ್ಯಕ್ಷರಾದರು, ಪರಿಷತ್ತಿನ ಮುಖ್ಯ ಕಾರ್ಯದರ್ಶಿಯ ಜಾಗಕ್ಕೆ ಮುಖ್ಯ ಕಾರ್ಯನಿರ್ವಹಣಾಧಿಕಾರಿ (ಸಿಇಒ) ಬಂದರು. ಉಳಿದು ಬೆಳೆದದ್ದು ಹೆಂಗಸರ ಮೀಸಲಾತಿ: ಆಗಿನ ಕಾಲು ಭಾಗ ಮೂರನೇ ಒಂದಾಗಿ, 2010ರಲ್ಲಿ ಅರ್ಧಕ್ಕೆ ಬಂದು ನಿಂತಿದೆ.