ಎಲ್ಲವೂ ಅರ್ಜೆಂಟ್ ಆದಾಗ ಯಾವುದು ಮೊದಲು?

"ಪ್ರತಿಯೊಬ್ಬರೂ ತಮ್ಮ ಕೆಲಸವೇ ಅರ್ಜೆಂಟ್ ಎನ್ನುವಾಗ ಮೊದಲು ಯಾವುದನ್ನು ಮಾಡಬೇಕೆಂದು ಹೇಗೆ ತೀರ್ಮಾನಿಸುತ್ತೀರಿ?" ಪ್ರಾಡಕ್ಟ್ ಮ್ಯಾನೇಜರ್ ಕೆಲಸಕ್ಕೆ, ಅಂದರೆ ಕಂಪನಿಯ ಉತ್ಪನ್ನದಲ್ಲಿ ಏನನ್ನು ಯಾವಾಗ ಮಾಡಬೇಕೆಂದು ನಿರ್ಧರಿಸುವ ಕೆಲಸಕ್ಕೆ, ಹೊಸದಾಗಿ ಸೇರಿದವರು ನನ್ನನ್ನು ಕೇಳುವುದು ಇದನ್ನೇ. ಅವರಿಗೆ ಬೇಕಿರುವುದು ಒಂದು ಸೂತ್ರ. ಹೇಳುತ್ತೇನೆ, ಅದು ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಹೇಳುತ್ತೇನೆ.

ಇಂಟರ್‌ಕಾಮ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ ರೂಪುಗೊಂಡ 'ರೈಸ್' (RICE) ಎಂಬ ಲೆಕ್ಕವಿದೆ. ಈ ಕೆಲಸ ಎಷ್ಟು ಬಳಕೆದಾರರನ್ನು ಮುಟ್ಟುತ್ತದೆ, ಪರಿಣಾಮ ಎಷ್ಟು (ಗರಿಷ್ಠ 3), ನಮ್ಮ ಅಂದಾಜನ್ನು ನಾವೇ ಎಷ್ಟು ನಂಬುತ್ತೇವೆ ಎಂಬ ಮೂರನ್ನು ಗುಣಿಸಿ, ತಗಲುವ ಶ್ರಮದಿಂದ ಭಾಗಿಸಬೇಕು. ಹೆಚ್ಚು ಅಂಕ ಬಂದದ್ದು ಮೊದಲು.

ನಮ್ಮ ಮಾರಾಟ ವಿಭಾಗದ ಮುಖ್ಯಸ್ಥರು ಒಮ್ಮೆ ಹೊಸ ವರದಿ ಪುಟವೊಂದನ್ನು ಕೇಳಿದ್ದರು. 400 ಬಳಕೆದಾರರು, ಪರಿಣಾಮ 1, ನಂಬಿಕೆ ಶೇ 50, ಒಬ್ಬರಿಗೆ 4 ತಿಂಗಳ ಕೆಲಸ. ಅಂಕ 50, ಪಟ್ಟಿಯಲ್ಲಿ ಏಳನೆಯ ಸ್ಥಾನ. ಸಭೆಯಲ್ಲಿ ಅವರು, "ಗ್ರಾಹಕರೇ ಬಾಯಿಬಿಟ್ಟು ಕೇಳಿದ್ದಾರೆ, ಇನ್ನೆಂಥ ಐವತ್ತು?" ಎಂದರು. ನಂಬಿಕೆಯನ್ನು ಶೇ 100 ಮಾಡಿದೆ. "ಪರಿಣಾಮ ಬರೀ ಒಂದೇ?" ಎರಡು ಮಾಡಿದೆ. ಅಂಕ 200ಕ್ಕೆ ಏರಿ ವರದಿ ಪುಟ ಪಟ್ಟಿಯ ನೆತ್ತಿಯ ಮೇಲೆ ಕುಳಿತಿತು. ಯಾರೂ ತುಟಿ ಬಿಚ್ಚಲಿಲ್ಲ. ಅಳಿಯ ಅಲ್ಲ, ಮಗಳ ಗಂಡ ಎಂದಂತೆ, ಅವರ ಒತ್ತಡಕ್ಕೆ ನಾನು ಲೆಕ್ಕದ ವೇಷ ತೊಡಿಸಿದ್ದೆ.

ಸಂಜೆ ಚಹಾಕ್ಕೆ ಕರೆದುಕೊಂಡು ಹೋಗಿ ಕೇಳಿದಾಗ ನಿಜ ಹೊರಬಂತು. ಪೀಣ್ಯದ ಗ್ರಾಹಕರೊಬ್ಬರಿಗೆ ಅವರು ಆಗಲೇ ಮಾತು ಕೊಟ್ಟಿದ್ದರು. "ಈಗ ಯಾವ ಮುಖ ಇಟ್ಟುಕೊಂಡು ಇಲ್ಲ ಅನ್ನಲಿ?" ಎಂದರು. "ನಾನೂ ಬರುತ್ತೇನೆ ಸಾರ್, ನಾನೇ ಹೇಳುತ್ತೇನೆ" ಎಂದೆ. ಹೋದೆವು. ಗ್ರಾಹಕರು ಹತ್ತು ನಿಮಿಷ ಗೊಣಗಿ, ಕೊನೆಗೆ ಕೇಳಿದ್ದು ಒಂದನ್ನೇ: ಖಚಿತವಾದ ತಾರೀಖು. ಮೂರು ತಿಂಗಳು ಮುಂದಿನ ದಿನವೊಂದನ್ನು ಬರೆದುಕೊಟ್ಟೆವು. ವಾಪಸಾಗುವಾಗ ಕಾರಿನಲ್ಲಿ ಮುಖ್ಯಸ್ಥರೇ, "ಅದನ್ನು ನಾಲ್ಕನೆಯದಕ್ಕೆ ಇಳಿಸಿಬಿಡಿ" ಎಂದರು.

ಅಂದಿನಿಂದ ಸಭೆಗೆ ಮುಂಚೆ ಒಬ್ಬೊಬ್ಬರ ಬಳಿಯೂ ಹೋಗಿ ಕೂರುತ್ತೇನೆ. ನಾಲ್ಕು ಜನರೆದುರು ಯಾರೂ ಪಟ್ಟು ಸಡಿಲಿಸುವುದಿಲ್ಲ.

ಮಾಲೀಕರ ವಿಷಯ ಬೇರೆ. ಅವರು ರಾತ್ರಿ ಹನ್ನೊಂದಕ್ಕೆ ಹೊಸ ಯೋಚನೆಯೊಂದನ್ನು ಕಳುಹಿಸಿದರೆ ಇಲ್ಲ ಎನ್ನುವ ಸ್ಥಾನ ನನ್ನದಲ್ಲ. ಬೆಳಿಗ್ಗೆ ಪಟ್ಟಿಯನ್ನು ಮುಂದಿಟ್ಟು, "ಸೇರಿಸೋಣ, ಇದರಲ್ಲಿ ಯಾವುದನ್ನು ಬಿಡಲಿ?" ಎಂದು ಕೇಳುತ್ತೇನೆ. ಬಿಟ್ಟದ್ದು ಯಾವುದು, ಯಾರ ತೀರ್ಮಾನ ಎಂಬುದನ್ನು ಅದೇ ದಿನ ಎಲ್ಲರಿಗೂ ಮೇಲ್ ಮಾಡುತ್ತೇನೆ. ಅರ್ಧ ಸಲ ಅವರೇ ಹಿಂದೆ ಸರಿಯುತ್ತಾರೆ.

ಉಳಿದರ್ಧ ಸಲ ಒಂದು ಸಾಲಿನ ಮೇಲೆ ಗೀಟು ಬೀಳುತ್ತದೆ. ಹಾಗೆ ಗೀಟು ಬೀಳುವುದು ಹೆಚ್ಚಾಗಿ ಎಂಜಿನಿಯರುಗಳ ಕೆಲಸದ ಮೇಲೆಯೇ, ಏಕೆಂದರೆ ಅದರ ಪರವಾಗಿ ವಾದಿಸಲು ಯಾವ ಗ್ರಾಹಕನೂ ಬರುವುದಿಲ್ಲ. ಹಳೆಯ ಡೇಟಾಬೇಸ್ ಬದಲಿಸುವ ಕೆಲಸ ಹೀಗೆಯೇ ಎರಡು ಬಾರಿ ಮುಂದಕ್ಕೆ ಹೋಯಿತು. ಎರಡನೆಯ ಸಲ ನಾನು ವಾದಿಸಲೂ ಇಲ್ಲ. ತಿಂಗಳ ಕೊನೆಯ ದಿನ ಸಂಜೆ ಸರ್ವರ್ ನಿಂತಿತು. ಮೊದಲೇ ಎಚ್ಚರಿಸಿದ್ದ ಎಂಜಿನಿಯರ್ ರಾತ್ರಿ ಎರಡರವರೆಗೆ ಕುಳಿತು ಸರಿಪಡಿಸಿದಳು. ನನಗೆ ಒಂದು ಮಾತೂ ಅನ್ನಲಿಲ್ಲ.

ಬೆಳಿಗ್ಗೆ ಪಟ್ಟಿ ತೆರೆದು ನೋಡಿದರೆ ಆ ಕೆಲಸದ ಎದುರು ಪರಿಣಾಮ 3 ಎಂದಿತ್ತು. ಯಾರು ಬದಲಿಸಿದರೆಂದು ನಾನು ಕೇಳಲಿಲ್ಲ.