ಕೀಟ ಹಿಡಿಯುವ ಗಿಡಗಳಿಗೆ ಯಾವ ಲೈಟು ಹಾಕಬೇಕು?

ಧಾರವಾಡದ ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ನಾಲ್ಕು ಅಡಿ ಉದ್ದದ ಕಬ್ಬಿಣದ ರ‍್ಯಾಕ್ ಒಂದಿದೆ. ಅದರ ನಡುವಿನ ಅಂಕಣದಲ್ಲಿ ಅಂಟು ರೋಮಗಳಿಂದ ಕೀಟ ಹಿಡಿಯುವ ಕೆಲವು ಡ್ರಾಸೆರಾ, ಅಂಟೆಲೆಯ ಪಿಂಗ್ವಿಕ್ಯುಲಾ ಮತ್ತು ಹೂಜಿಯಂತಹ ಎಲೆಯೊಳಗೆ ಕೀಟ ಬೀಳಿಸಿಕೊಳ್ಳುವ ಒಂದೆರಡು ಹೂಜಿ ಗಿಡಗಳು ದೀಪದ ಕೆಳಗೇ ಬೆಳೆಯುತ್ತಿವೆ. ಮನೆಗೆ ಬಂದವರು ಚಹಾದ ಕಪ್ಪು ಕೈಗೆತ್ತಿಕೊಳ್ಳುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಏನ್ರೀ, ಆ ಗಿಡಕ್ಕ ಯಾವ ಲೈಟ್ ಹಾಕೀರಿ? ನಾವೂ ಒಂದ್ ತರಬೇಕಂತ ಮಾಡೇವಿ." ಮನೆಗೆ ಹಾಕುವ, ಟ್ಯೂಬ್ ಲೈಟಿನಂತೆ ಉದ್ದನೆಯ, ಸಾಮಾನ್ಯ ಬಿಳಿ ಎಲ್‌ಇಡಿ ಬ್ಯಾಟನ್‌ಗಳನ್ನೇ, ಎಲೆಗಳಿಂದ ಒಂದು ಗೇಣಿಗಿಂತ ಕಡಿಮೆ ಎತ್ತರದಲ್ಲಿ ಹಾಕಿದ್ದೇನೆ ಎಂದರೆ ಹೆಚ್ಚಿನವರು ನಂಬುವುದಿಲ್ಲ. ಆದ್ದರಿಂದ ಒಮ್ಮೆ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ನೊಣ, ಸೊಳ್ಳೆಗಳನ್ನು ತಿನ್ನುವ ಗಿಡಕ್ಕೆ ಅಷ್ಟು ಬೆಳಕೇಕೆ ಎಂದು ಅನೇಕರು ಭಾವಿಸುತ್ತಾರೆ. ಕೀಟದಿಂದ ಗಿಡಕ್ಕೆ ದೊರೆಯುವುದು ಮುಖ್ಯವಾಗಿ ಸಾರಜನಕ ಮತ್ತು ರಂಜಕ, ಅಂದರೆ ಬಡ ಮಣ್ಣಿನಲ್ಲಿ ಸಿಗದ ಗೊಬ್ಬರ. ಬದುಕುವುದಕ್ಕೆ ಬೇಕಾದ ಶಕ್ತಿಯನ್ನು ಅದು ಬೇರೆಲ್ಲ ಗಿಡಗಳಂತೆ ಬೆಳಕಿನಿಂದಲೇ ಪಡೆಯಬೇಕು. ಪಶ್ಚಿಮ ಘಟ್ಟದ ಜಂಬಿಟ್ಟಿಗೆ ಬಯಲುಗಳಲ್ಲಿ ಮಳೆಗಾಲಕ್ಕೆ ತಲೆಯೆತ್ತುವ ಡ್ರಾಸೆರಾಗಳಿಗೆ ಮೇಲೆ ಮರದ ನೆರಳು ಇರುವುದಿಲ್ಲ. ತೆಳುವಾದ ಒದ್ದೆ ಮಣ್ಣಿನ ಮೇಲೆ, ಮೋಡ ಸರಿದಾಗಲೆಲ್ಲ ನೇರ ಬಿಸಿಲಿನಲ್ಲಿ ಅವು ಬೆಳೆಯುತ್ತವೆ. ಅಂತಹ ಗಿಡವನ್ನು ತಂದು ಟಿ.ವಿ. ಪಕ್ಕದ ಮೇಜಿನ ಮೇಲಿಟ್ಟು ವಾರಕ್ಕೊಂದು ನೊಣ ಹಾಕಿದರೆ ಅದು ಉಪವಾಸ ಬಿದ್ದೇ ಸಾಯುತ್ತದೆ.

ಮೇಜಿನ ಮೇಲೆ ಬೆಳಕು ಸಾಕಷ್ಟಿದೆ ಎಂದು ನಮಗನ್ನಿಸುವುದು ಕಣ್ಣಿನ ಮೋಸ. ಕಣ್ಣು ಕತ್ತಲೆಗೂ ಬೆಳಕಿಗೂ ತಾನೇ ಹೊಂದಿಕೊಳ್ಳುವುದರಿಂದ ನೂರು ಪಟ್ಟು ವ್ಯತ್ಯಾಸವೂ ಅದಕ್ಕೆ ದೊಡ್ಡದೆನಿಸುವುದಿಲ್ಲ. ಬೀಳುವ ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ತೋರಿಸುವ ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ತೆರೆದು ನೋಡಿದರೆ ಸಂಜೆ ಟ್ಯೂಬ್‌ಲೈಟ್ ಹಾಕಿದ ನಮ್ಮ ಪಡಸಾಲೆಯಲ್ಲಿ ಸಿಗುವುದು 150 ಲಕ್ಸ್‌ನಷ್ಟು. ಉತ್ತರದ ಕಿಟಕಿಯ ಕಟ್ಟೆಯ ಮೇಲೆ ಮಧ್ಯಾಹ್ನ 1,500ರ ಆಸುಪಾಸು. ಹೊರಗೆ ಅಂಗಳದ ನೇರ ಬಿಸಿಲಿನಲ್ಲಿ ಅದು ಒಂದು ಲಕ್ಷದ ಹತ್ತಿರ ಹೋಗುತ್ತದೆ. ಮೊಬೈಲಿನ ಅಳತೆ ಕರಾರುವಾಕ್ಕಾದುದಲ್ಲ, ಆದರೆ ನೂರಕ್ಕೂ ಹತ್ತು ಸಾವಿರಕ್ಕೂ ಇರುವ ಅಂತರವನ್ನು ತೋರಿಸಲು ಅಷ್ಟು ಸಾಕು. ಹೂಜಿ ಗಿಡಗಳಿಗೆ 5,000ದಿಂದ 10,000 ಲಕ್ಸ್, ಡ್ರಾಸೆರಾಗಳಿಗೆ 10,000ದಿಂದ 20,000 ಲಕ್ಸ್ ಎಲೆಯ ಮಟ್ಟದಲ್ಲಿ ಸಿಗಬೇಕು ಎಂಬುದು ನಾನು ಇಟ್ಟುಕೊಂಡಿರುವ ಲೆಕ್ಕ.

ಈ ಲೆಕ್ಕ ತಿಳಿಯುವ ಮೊದಲು ನಾನೂ ಗಿಡಗಳಿಗೆಂದೇ ಮಾರುವ, ಕೆಂಪು ನೀಲಿ ಬೆಳಕು ಬೆರೆತ ಒಂದು ನೇರಳೆ ಬಣ್ಣದ 'ಗ್ರೋ ಲೈಟ್' ತರಿಸಿದ್ದೆ. ಡಬ್ಬಿಯ ಮೇಲೆ 1,000 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಪ್ಲಗ್ಗಿಗೆ ಮೀಟರ್ ಹಚ್ಚಿ ನೋಡಿದಾಗ ಅದು ಎಳೆಯುತ್ತಿದ್ದುದು ನೂರು ವ್ಯಾಟ್ ಕೂಡ ಅಲ್ಲ. ಎಲೆಯ ಹಸಿರು ವಸ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚು ಹೀರುತ್ತದೆ ಎಂಬುದು ನಿಜ, ಈ ದೀಪಗಳ ಹಿಂದಿರುವ ತರ್ಕವೂ ಅದೇ. ಆದರೆ 400ರಿಂದ 700 ನ್ಯಾನೋಮೀಟರ್ ನಡುವಿನ, ಅಂದರೆ ನೇರಳೆಯಿಂದ ಕೆಂಪಿನವರೆಗಿನ, ಎಲ್ಲ ಬೆಳಕನ್ನೂ ಗಿಡ ಬಳಸಿಕೊಳ್ಳುತ್ತದೆ, ಹಸಿರು ಬೆಳಕಂತೂ ಎಲೆಯ ಒಳಪದರಗಳವರೆಗೆ ಇಳಿಯುತ್ತದೆ. ಬಿಳಿ ಎಲ್‌ಇಡಿ ಎಂದರೂ ಮೂಲದಲ್ಲಿ ನೀಲಿ ದೀಪವೇ. ಅದರ ಮೇಲಿನ ಹಳದಿ ಲೇಪ ನೀಲಿಯ ಒಂದು ಭಾಗವನ್ನು ಹಸಿರು, ಹಳದಿ, ಕೆಂಪಾಗಿ ಮಾರ್ಪಡಿಸಿ ಕೊಡುತ್ತದೆ. ಗಿಡಕ್ಕೆ ಬೇಕಾದುದೆಲ್ಲ ಅದರಲ್ಲಿದೆ. ನೇರಳೆ ದೀಪದಿಂದ ನನಗಾದ ನಿಜವಾದ ನಷ್ಟ ಬೇರೆ. ಅದರ ಕೆಳಗೆ ಹಸಿರೆಲೆಗಳೆಲ್ಲ ಕಪ್ಪಾಗಿ ಕಾಣುತ್ತವೆ. ಹೀಗಾಗಿ ಚಿಗುರಿನ ಬುಡದಲ್ಲಿ ಮುತ್ತಿದ್ದ ಸಸ್ಯಹೇನುಗಳು ಮೂರು ವಾರ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಗಮನಿಸುವಷ್ಟರಲ್ಲಿ ಎರಡು ಗಿಡಗಳ ಸುಳಿ ಸುಟ್ಟಿತ್ತು.

ಈಗ ಇರುವುದು ಒಂದೊಂದೂ 20 ವ್ಯಾಟಿನ, ಸುಮಾರು 2,000 ಲ್ಯೂಮೆನ್ (ದೀಪ ಸೂಸುವ ಒಟ್ಟು ಬೆಳಕಿನ ಅಳತೆ) ಕೊಡುವ ನಾಲ್ಕು ಅಡಿಯ ನಾಲ್ಕು ಬ್ಯಾಟನ್. ಅವನ್ನು ನಾಲ್ಕು ಬೆರಳಿನ ಅಂತರದಲ್ಲಿ ಸಾಲಾಗಿ ಕಟ್ಟಿ, ಎಲೆಗಳಿಂದ 15 ಸೆಂಟಿಮೀಟರ್ ಮೇಲೆ ತೂಗುಹಾಕಿದ್ದೇನೆ. ಅಲ್ಲಿ 15,000 ಲಕ್ಸ್ ಬರುತ್ತದೆ. ರ‍್ಯಾಕಿನ ಬದಿಗಳಿಗೆ ಬಿಳಿ ಫೋಮ್ ಹಾಳೆ ಹಚ್ಚಿದ ಮೇಲೆ ಅಂಚಿನ ಕುಂಡಗಳಿಗೂ ಬೆಳಕು ಸಾಲುತ್ತಿದೆ. ಬಿಡಿ ಬಲ್ಬನ್ನು ಎರಡು ಪಟ್ಟು ದೂರ ಸರಿಸಿದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಉದ್ದನೆಯ ಬ್ಯಾಟನ್ ಆದರೆ ಹತ್ತಿರದ ದೂರಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬ್ಯಾಟನ್ನನ್ನೇ ನಾನು ಆರಿಸಿಕೊಳ್ಳಲು ಇದೂ ಒಂದು ಕಾರಣ. ಹಾಗೆಂದು ಛಾವಣಿಯ ಬ್ಯಾಟನ್ನಿನಿಂದ ಗಿಡ ಬೆಳೆಯುತ್ತದೆ ಎಂದು ತಿಳಿಯಬಾರದು. ಅಂಗಡಿಯಲ್ಲಿ 6500 ಕೆಲ್ವಿನ್ ಬೇಕೋ 4000 ಬೇಕೋ ಎಂದು ಕೇಳಿದರೆ ನಿಮ್ಮ ಕಣ್ಣಿಗೆ ಹಿತವಾದುದನ್ನು ತೆಗೆದುಕೊಳ್ಳಿ. ಅದು ಬೆಳಕಿನ ಬಣ್ಣವನ್ನು ಹೇಳುವ ಸಂಖ್ಯೆ, ಪ್ರಮಾಣವನ್ನಲ್ಲ.

ಬೆಳಕು ಸಾಲುತ್ತಿದೆಯೇ ಎಂಬುದನ್ನು ಕೊನೆಗೆ ಎಲೆಯೇ ಹೇಳುತ್ತದೆ. ಬೆಳಕು ಕಡಿಮೆಯಾದ ಡ್ರಾಸೆರಾ ಎಲೆ ಉದ್ದುದ್ದ, ಸಪೂರ, ಬರೀ ಹಸಿರಾಗಿ ಜೋಲುತ್ತದೆ. ರೋಮಗಳ ತುದಿ ಒಣಗಿರುತ್ತದೆ. ಸಾಕಷ್ಟು ಬೆಳಕು ಸಿಕ್ಕ ಎಲೆ ಗಿಡ್ಡ, ಗಟ್ಟಿ. ಮೊನ್ನೆ ಬೆಳಿಗ್ಗೆ ಭೂತಗನ್ನಡಿ ಹಿಡಿದು ನೋಡಿದಾಗ ಪ್ರತಿಯೊಂದು ಕೆಂಪು ರೋಮದ ತುದಿಯಲ್ಲೂ ಸಾಸಿವೆಗಿಂತ ಚಿಕ್ಕದಾದ ಅಂಟಿನ ಹನಿಯಿತ್ತು. ಒಂದು ಹನಿಗೆ ಸಿಕ್ಕಿಬಿದ್ದ ಗುಂಗುರು ರೆಕ್ಕೆ ಬಡಿದಷ್ಟೂ ಪಕ್ಕದ ಎರಡು ರೋಮಗಳು ಅದರತ್ತ ಬಾಗುತ್ತಿದ್ದವು. ರೋಮಗಳ ಆ ಕೆಂಪು, ತೀವ್ರ ಬೆಳಕು ಬಿದ್ದಾಗ ಎಲೆ ತಾನೇ ತಯಾರಿಸಿಕೊಳ್ಳುವ ಬಣ್ಣ. ಆದರೆ ನೆರಳಿನಲ್ಲಿ ಬೆಳೆದ ಗಿಡವನ್ನು ಒಮ್ಮೆಲೇ ಈ ಬೆಳಕಿಗೆ ಒಡ್ಡಿದರೆ ಎಲೆ ಸುಡುತ್ತದೆ. ಹೊಸ ಗಿಡವನ್ನು ಮೊದಲ ವಾರ ರ‍್ಯಾಕಿನ ಅಂಚಿನಲ್ಲಿಟ್ಟು, ಎರಡನೆಯ ವಾರ ನಡುವಿಗೆ ತರಬೇಕು.

ದೀಪವನ್ನು ದಿನಕ್ಕೆ 14 ಗಂಟೆ ಉರಿಸುತ್ತೇನೆ. ಉಳಿದ ಹೊತ್ತು ಪೂರ್ತಿ ಕತ್ತಲೆ ಇರಬೇಕು, ಅದಕ್ಕೊಂದು ಟೈಮರ್ ಪ್ಲಗ್ ಇದೆ. 80 ವ್ಯಾಟ್, 14 ಗಂಟೆ ಎಂದರೆ ದಿನಕ್ಕೆ 1.12 ಯೂನಿಟ್, ತಿಂಗಳಿಗೆ 34 ಯೂನಿಟ್ ಹತ್ತಿರ. ಬಿಲ್ಲಿನ ವಿಷಯ ಮನೆಯಲ್ಲಿ ಮೊದಲೇ ಮಾತಾಡಿಕೊಂಡರೆ ಒಳ್ಳೆಯದು. ನಡುವೆ ಕರೆಂಟ್ ಎರಡು ತಾಸು ಹೋದರೆ ಗಿಡಕ್ಕೇನೂ ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ನಾನು ಟೈಮರನ್ನು ತಿರುಗಿಸಿ ಸಂಜೆ 6ರಿಂದ ಬೆಳಿಗ್ಗೆ 8ರವರೆಗೆ ದೀಪ ಉರಿಯುವಂತೆ ಮಾಡುತ್ತೇನೆ, ಹಗಲಿನಲ್ಲಿ ರ‍್ಯಾಕಿಗೆ ದಪ್ಪ ಪರದೆ ಎಳೆದಿರುತ್ತೇನೆ. ದೀಪದ ಕಾವು ತಂಪಾದ ರಾತ್ರಿಯಲ್ಲಿ ಸೇರಿಹೋಗುವುದರಿಂದ ಮಧ್ಯಾಹ್ನದ ಸೆಕೆಗೆ ಅದು ಕೂಡಿಕೊಳ್ಳುವುದಿಲ್ಲ. ಮುಚ್ಚಿದ ಗಾಜಿನ ತೊಟ್ಟಿಯಲ್ಲಿ ಬೆಳೆಸುವವರಿಗೆ ಈ ಉಪಾಯ ಇನ್ನೂ ಅಗತ್ಯ.

ಇಷ್ಟು ಕೇಳಿದ ಮೇಲೆ ಹೆಚ್ಚಿನವರು ತಾವು ತರಬೇಕೆಂದಿರುವುದು ಬಾಯಿಯಂತೆ ಮುಚ್ಚಿಕೊಳ್ಳುವ ಎಲೆಗಳಿಂದ ಕೀಟ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್ ಎನ್ನುತ್ತಾರೆ. ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾಗಳ ಜೌಗಿನಿಂದ ಬಂದ ಈ ಗಿಡಕ್ಕೆ ಚಳಿಗಾಲದಲ್ಲಿ ಮೂರು ನಾಲ್ಕು ತಿಂಗಳ ವಿಶ್ರಾಂತಿ ಬೇಕು. ವರ್ಷವಿಡೀ 14 ಗಂಟೆಯ ದೀಪದ ಕೆಳಗಿಟ್ಟರೆ ಅದು ಬರಬರುತ್ತ ಸೊರಗುತ್ತದೆ. ನಿಮಗೆ ಮಾಳಿಗೆಯೋ ದಕ್ಷಿಣದ ಬಾಲ್ಕನಿಯೋ ಇದ್ದರೆ ಅದನ್ನು ಅಲ್ಲಿಡಿ, ದೀಪದ ದುಡ್ಡು ಉಳಿಸಿ. ಬೇಸಿಗೆಯ ಮಧ್ಯಾಹ್ನ ಸ್ವಲ್ಪ ನೆರಳು ಮಾಡಿದರಾಯಿತು. ಹುಬ್ಬಳ್ಳಿಯ ಫ್ಲ್ಯಾಟಿನಲ್ಲಿ ಬಿಸಿಲೇ ಬೀಳದ ಕಿಟಕಿ ಮಾತ್ರ ಇರುವವರು ನವೆಂಬರಿನಿಂದ ಫೆಬ್ರವರಿಯವರೆಗೆ ದೀಪವನ್ನು 9 ಗಂಟೆಗೆ ಇಳಿಸಿ, ಕುಂಡವನ್ನು ರಾತ್ರಿಯ ಹೊತ್ತು ಕಿಟಕಿಯ ಹೊರಗಿನ ತಂಪಿಗೆ ಇಡಬೇಕಾಗುತ್ತದೆ. ಅಷ್ಟು ಓಡಾಟ ಬೇಡವೆನ್ನುವವರು ಡ್ರಾಸೆರಾ ಕೇಪೆನ್ಸಿಸ್ ತರಲಿ. ಅದಕ್ಕೆ ಚಳಿಗಾಲದ ರಜೆ ಬೇಕಿಲ್ಲ.